ಬಂದರಿನ ಬಸವನಹುಳು ಮತ್ತು ಬಣ್ಣದೊಳಗಿನ ತವರ: ಸಣ್ಣ ಉದ್ಯಮಗಳಿಗೆ ಒಂದು ಪಾಠ

ಚನ್ನಪಟ್ಟಣದ ಬೊಂಬೆಯು ಯುರೋಪಿನ ಮಾರುಕಟ್ಟೆಯನ್ನು ಪ್ರವೇಶಿಸಬೇಕಾದರೆ ಅದರ ಮೇಲಿನ ಬಣ್ಣದ ಲೇಪವು 19 ಬಾಬುಗಳ ರಾಸಾಯನಿಕ ಮಿತಿಗೆ ಒಳಪಟ್ಟಿರಬೇಕು. ಈ ಪಟ್ಟಿಯಲ್ಲಿರುವ ಸೀಸ, ಪಾದರಸ, ಕ್ಯಾಡ್ಮಿಯಂಗಳ ಹೆಸರು ಉದ್ಯಮಿಗಳಿಗೆ ಪರಿಚಿತವೇ. ಆದರೆ ಅದರಲ್ಲಿರುವ ‘ಸಾವಯವ ತವರ’ ಎಂಬ ಬಾಬು ಅನೇಕರಿಗೆ ಒಗಟಾಗಿ ತೋರುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಲು ತಲೆತಲಾಂತರದಿಂದ ಬಳಸಿದ ಲೋಹವೇ ತವರ. ಅಂಥ ತವರದ ಬಗ್ಗೆ ಇಷ್ಟೊಂದು ಕಟ್ಟೆಚ್ಚರ ಏಕೆ?

ಈ ಪ್ರಶ್ನೆಗೆ ಉತ್ತರವನ್ನು ಕೆಂಗಲ್ ಸೀಮೆಯಿಂದ ಬಹುದೂರದಲ್ಲಿರುವ ಹಡಗುಕಟ್ಟೆಗಳಲ್ಲಿ ಹುಡುಕಬೇಕಾಗುತ್ತದೆ. ತವರದ ಕೆಲವು ಸಂಯುಕ್ತಗಳು ಎಷ್ಟು ಅಪಾಯಕಾರಿ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಬಂದರಿನ ಬಂಡೆಗಳಿಗೆ ಅಂಟಿಕೊಂಡು ಬದುಕುವ ಕಡಲ ಬಸವನಹುಳು. ಆ ಹುಳುವಿನ ಸಾಕ್ಷ್ಯವು ಹೇಗೆ ದೊರೆಯಿತು, ಅದನ್ನು ನಂಬಲು ಉದ್ಯಮ ಲೋಕ ತಡಮಾಡಿದ್ದರಿಂದ ಯಾರಿಗೆ ನಷ್ಟವಾಯಿತು, ಒಳನಾಡಿನ ಸಣ್ಣ ಉತ್ಪಾದಕರಿಗೆ ಅದರಿಂದ ಸಿಗುವ ಪಾಠವೇನು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹಡಗಿನ ತಳಕ್ಕೆ ವಿಷದ ಬಣ್ಣ

ನೀರಿನಲ್ಲಿ ನಿಂತ ಹಡಗಿನ ತಳಕ್ಕೆ ಪಾಚಿ, ಸಿಂಪಿ, ಬಾರ್ನಕಲ್ ಎಂಬ ಸುಣ್ಣದ ಚಿಪ್ಪಿನ ಜೀವಿಗಳು ಬೇಗನೆ ಅಂಟಿಕೊಳ್ಳುತ್ತವೆ. ತಳ ಒರಟಾದಷ್ಟೂ ವೇಗ ತಗ್ಗುತ್ತದೆ, ಇಂಧನದ ಖರ್ಚು ಏರುತ್ತದೆ. ಇದನ್ನು ತಡೆಯಲು ಹಿಂದಿನವರು ತಾಮ್ರದ ತಗಡು ಹೊದಿಸುತ್ತಿದ್ದರು, ಡಾಂಬರು ಬಳಿಯುತ್ತಿದ್ದರು. 1960ರ ದಶಕದಲ್ಲಿ ಟ್ರೈಬ್ಯುಟೈಲ್ ಟಿನ್ (ಟಿಬಿಟಿ) ಎಂಬ ಸಾವಯವ ತವರ ಸಂಯುಕ್ತವನ್ನು ಬೆರೆಸಿದ ಬಣ್ಣಗಳು ಬಳಕೆಗೆ ಬಂದವು. ಮುಂದಿನ ದಶಕದಲ್ಲಿ ಇವು ಮತ್ತಷ್ಟು ಸುಧಾರಿಸಿದವು. ಹಡಗು ಚಲಿಸಿದಂತೆ ಬಣ್ಣದ ಮೇಲ್ಪದರ ಸವೆಯುತ್ತಾ ಒಳಗಿನ ವಿಷವನ್ನು ನಿಧಾನವಾಗಿ ಬಿಡುಗಡೆ ಮಾಡುವ ಬಗೆಯ ಬಣ್ಣ ಸಿದ್ಧವಾಯಿತು. ಒಮ್ಮೆ ಬಳಿದರೆ ಐದು ವರ್ಷಗಳವರೆಗೆ ಹಡಗನ್ನು ಒಣ ಕಟ್ಟೆಗೆ ಏರಿಸಬೇಕಾದ ಅಗತ್ಯವಿರಲಿಲ್ಲ.

ವ್ಯಾಪಾರದ ದೃಷ್ಟಿಯಿಂದ ಇದಕ್ಕಿಂತ ಲಾಭದಾಯಕ ಬಣ್ಣ ಮತ್ತೊಂದಿರಲಿಲ್ಲ. ಹಡಗಿನ ಮಾಲೀಕನಿಗೆ ಇಂಧನ ಉಳಿಯಿತು, ಬಣ್ಣದ ತಯಾರಕನಿಗೆ ಬೇಡಿಕೆ ಹೆಚ್ಚಿತು. ಆದರೆ ಸವೆದುಹೋದ ಬಣ್ಣವೆಲ್ಲ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ ಯಾರ ಖಾತೆ ಪುಸ್ತಕದಲ್ಲಿಯೂ ಇರಲಿಲ್ಲ.

ಆರ್ಕಶಾನ್ ಕೊಲ್ಲಿಯ ಸಿಂಪಿ ಬೆಳೆಗಾರರು

ಆ ಲೆಕ್ಕದ ಬಾಕಿ ಮೊದಲು ಬಂದದ್ದು ಫ್ರಾನ್ಸಿನ ಪಶ್ಚಿಮ ತೀರದ ಆರ್ಕಶಾನ್ ಕೊಲ್ಲಿಯ ಸಿಂಪಿ ಬೆಳೆಗಾರರ ಮೇಲೆ. ವಿಹಾರ ದೋಣಿಗಳು ದಟ್ಟವಾಗಿ ನಿಲ್ಲುತ್ತಿದ್ದ ಆ ಕೊಲ್ಲಿಯಲ್ಲಿ 1970ರ ದಶಕದ ಉತ್ತರಾರ್ಧದಿಂದ ಸಿಂಪಿಯ ಮರಿಗಳು ಬದುಕುಳಿಯದಾದವು. ಬೆಳೆದ ಸಿಂಪಿಗಳ ಚಿಪ್ಪು ವಿಪರೀತ ದಪ್ಪವಾಗಿ, ಒಳಗೆ ಮಾಂಸವಿಲ್ಲದೆ, ಮಾರಾಟಕ್ಕೆ ಬಾರದಂತಾದವು. ವರ್ಷಕ್ಕೆ 10,000ದಿಂದ 15,000 ಟನ್ ಇದ್ದ ಇಳುವರಿಯು 1981ರ ವೇಳೆಗೆ ಸುಮಾರು 3,000 ಟನ್ನಿಗೆ ಕುಸಿಯಿತು. ಒಟ್ಟು ನಷ್ಟವನ್ನು ಸುಮಾರು 14.7 ಕೋಟಿ ಅಮೆರಿಕನ್ ಡಾಲರ್ ಎಂದು ಅಂದಾಜು ಮಾಡಲಾಗಿದೆ. 1982ರ ಜನವರಿಯಲ್ಲಿ ಫ್ರಾನ್ಸ್ ಸರ್ಕಾರವು 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಟಿಬಿಟಿ ಬಣ್ಣ ಬಳಿಯುವುದನ್ನು ನಿರ್ಬಂಧಿಸಿತು. ಅನಂತರದ ವರ್ಷಗಳಲ್ಲಿ ಇಳುವರಿ ಚೇತರಿಸಿಕೊಂಡಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಣ್ಣ ತಯಾರಿಸಿದವರಿಗಾಗಲಿ, ಬಳಿದವರಿಗಾಗಲಿ ಈ ನಷ್ಟ ತಟ್ಟಲಿಲ್ಲ. ಆ ಬಣ್ಣದೊಡನೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳದ ಮತ್ತೊಂದು ಸಣ್ಣ ಉದ್ಯಮ ಅದನ್ನು ತೆರಬೇಕಾಯಿತು.

ಹುಳು ಹೇಳಿದ ಸಾಕ್ಷ್ಯ

ಸಿಂಪಿಯ ದಪ್ಪ ಚಿಪ್ಪಿಗೆ ಬೇರೆ ಕಾರಣಗಳೂ ಇರಬಹುದೆಂದು ವಾದಿಸಲು ಅವಕಾಶವಿತ್ತು. ಆ ಅವಕಾಶವನ್ನು ಮುಚ್ಚಿದ್ದು ಬಸವನಹುಳು. 1970ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಂದರಿನ ಬಳಿ ಸ್ಟೀಫನ್ ಬ್ಲೇಬರ್ ಎಂಬ ಸಂಶೋಧಕರು ‘ನ್ಯೂಸೆಲ್ಲಾ’ ಜಾತಿಯ ಹೆಣ್ಣು ಬಸವನಹುಳುಗಳಲ್ಲಿ ಗಂಡಿನ ಜನನಾಂಗ ಬೆಳೆದಿರುವುದನ್ನು ದಾಖಲಿಸಿದರು. 1971ರಲ್ಲಿ ಅಮೆರಿಕದ ಕನೆಕ್ಟಿಕಟ್ ತೀರದ ಕೆಸರು ಬಸವನಹುಳುಗಳಲ್ಲಿ ಇದೇ ವೈಪರೀತ್ಯವನ್ನು ಕಂಡ ಬಿ. ಎಸ್. ಸ್ಮಿತ್ ಇದಕ್ಕೆ ‘ಇಂಪೋಸೆಕ್ಸ್’ ಎಂದು ಹೆಸರಿಟ್ಟರು. ಹೆಣ್ಣಿನ ಮೇಲೆ ಗಂಡಿನ ಲಕ್ಷಣದ ಹೇರಿಕೆ ಎಂಬುದು ಇದರ ಅರ್ಥ. ದೋಣಿಗಳು ತಂಗುವ ಕಟ್ಟೆಯ ಬಳಿ ವೈಪರೀತ್ಯ ಹೆಚ್ಚು, ದೂರ ಸರಿದಂತೆ ಕಡಿಮೆ ಎಂಬುದನ್ನು ಅವರು ಗುರುತಿಸಿದರು. ಶುದ್ಧ ನೀರಿನ ಹುಳುಗಳನ್ನು ತಂದು ದೋಣಿಕಟ್ಟೆಯ ಬಳಿ ಇರಿಸಿದಾಗ ಅವುಗಳಲ್ಲಿಯೂ ಅದೇ ಲಕ್ಷಣ ಮೂಡಿತು. 1981ರಲ್ಲಿ ಅವರು ದೋಣಿಯ ಬಣ್ಣದಲ್ಲಿರುವ ಟಿಬಿಟಿಯೇ ಇದಕ್ಕೆ ಕಾರಣವೆಂದು ತೋರಿಸಿದರು.

1980ರ ದಶಕದ ಮಧ್ಯಭಾಗದಲ್ಲಿ ಪ್ಲಿಮತ್‌ನ ಬ್ರಯಾನ್, ಗಿಬ್ಸ್ ಮತ್ತು ಅವರ ಸಂಗಡಿಗರು ನೈಋತ್ಯ ಇಂಗ್ಲೆಂಡಿನ ತೀರದುದ್ದಕ್ಕೂ ಅಧ್ಯಯನ ನಡೆಸಿದರು. ಲೀಟರ್ ನೀರಿಗೆ ಒಂದೆರಡು ನ್ಯಾನೋಗ್ರಾಂ ಟಿಬಿಟಿ ಇದ್ದರೂ ವೈಪರೀತ್ಯ ಆರಂಭವಾಗುತ್ತದೆ ಎಂಬುದು ಸ್ಪಷ್ಟವಾಯಿತು. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ಪ್ರಮಾಣ ಇನ್ನಷ್ಟು ಏರಿದರೆ ಹೆಣ್ಣಿನ ಮೊಟ್ಟೆಯ ದಾರಿ ಮುಚ್ಚಿಹೋಗಿ ಅದು ಬಂಜೆಯಾಗುತ್ತದೆ. ಈ ಜಾತಿಯ ಮರಿಗಳು ನೀರಿನಲ್ಲಿ ತೇಲಿ ದೂರ ಹೋಗುವುದಿಲ್ಲ. ಮೊಟ್ಟೆಯೊಡೆದ ಬಂಡೆಯ ಮೇಲೆಯೇ ತೆವಳುತ್ತವೆ. ಆದ್ದರಿಂದ ಒಂದು ತೀರದ ಹೆಣ್ಣುಗಳು ಬಂಜೆಯಾದರೆ ಆ ತೀರದ ಸಂತತಿಯೇ ಅಳಿಯುತ್ತದೆ. 1987ರಲ್ಲಿ ಬ್ರಿಟನ್ನೂ ಚಿಕ್ಕ ದೋಣಿಗಳಿಗೆ ಈ ಬಣ್ಣವನ್ನು ನಿಷೇಧಿಸಿತು.

ಹುಳುವಿನಿಂದ ಅಳೆಯುವ ಬಗೆ

ಸಮುದ್ರದ ನೀರಿನಲ್ಲಿ ನ್ಯಾನೋಗ್ರಾಂ ಮಟ್ಟದ ರಾಸಾಯನಿಕವನ್ನು ಅಳೆಯಲು ಬೆಲೆಬಾಳುವ ಯಂತ್ರವೂ ನುರಿತ ಪ್ರಯೋಗಾಲಯವೂ ಬೇಕು. ಅಷ್ಟಾದರೂ ಆ ಅಳತೆ ನೀರು ತೆಗೆದ ಗಳಿಗೆಯನ್ನು ಮಾತ್ರ ಹೇಳುತ್ತದೆ. ಹಡಗು ಬಂದ ದಿನದ ನೀರು ಬೇರೆ, ಬಾರದ ದಿನದ ನೀರು ಬೇರೆ. ಬಸವನಹುಳುವಾದರೋ ವರ್ಷಗಟ್ಟಲೆ ಒಂದೇ ಬಂಡೆಯ ಆಸುಪಾಸಿನಲ್ಲಿ ಬದುಕಿ, ಸಿಂಪಿ ಬಾರ್ನಕಲ್‌ಗಳನ್ನು ತಿಂದು, ಅವುಗಳಲ್ಲಿರುವ ವಿಷವನ್ನೂ ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ನೀರಿನ ಪರೀಕ್ಷೆ ಒಂದು ದಿನದ ರೋಕಡ ಎಂದಾದರೆ, ಹುಳುವಿನ ಮೈ ಹಲವು ವರ್ಷಗಳ ಖಾತೆ.

ವಿಧಾನವು ಸರಳವಾಗಿದೆ. ಬಂದರಿನ ಒಳಗೆ, ಬಾಯಲ್ಲಿ ಮತ್ತು ದೂರದ ತೀರದಲ್ಲಿ ಒಂದೇ ಜಾತಿಯ ಬಲಿತ ಹುಳುಗಳನ್ನು, ಪ್ರತಿ ಸ್ಥಳದಿಂದ ಸಾಮಾನ್ಯವಾಗಿ ಕೆಲವು ಹತ್ತುಗಳಷ್ಟು, ಸಂಗ್ರಹಿಸುತ್ತಾರೆ. ಚಿಪ್ಪಿನ ಉದ್ದವನ್ನು ಅಳೆದು, ಅದನ್ನು ಹಿಡಿಕೆಯಲ್ಲಿ ಒಡೆದು, ಸೂಕ್ಷ್ಮದರ್ಶಕದ ಕೆಳಗೆ ಹೆಣ್ಣು ಗಂಡುಗಳನ್ನು ಬೇರ್ಪಡಿಸುತ್ತಾರೆ. ಅನಂತರ ಮೂರು ಸಂಗತಿಗಳನ್ನು ದಾಖಲಿಸುತ್ತಾರೆ.

1. ವೈಪರೀತ್ಯವಿರುವ ಹೆಣ್ಣುಗಳ ಶೇಕಡಾವಾರು ಪ್ರಮಾಣ.
2. ಹೆಣ್ಣಿನಲ್ಲಿ ಬೆಳೆದ ಗಂಡು ಅಂಗದ ಉದ್ದಕ್ಕೂ ಅದೇ ಸ್ಥಳದ ಗಂಡುಗಳ ಅಂಗದ ಉದ್ದಕ್ಕೂ ಇರುವ ಅನುಪಾತ.
3. ವೈಪರೀತ್ಯದ ಹಂತ. ‘ನ್ಯೂಸೆಲ್ಲಾ’ದಲ್ಲಿ ಇದನ್ನು 0ಯಿಂದ 6ರವರೆಗೆ ಎಣಿಸುತ್ತಾರೆ. 0 ಎಂದರೆ ಆರೋಗ್ಯ, 5 ಮತ್ತು 6 ಎಂದರೆ ಬಂಜೆತನ.

ಈ ವಿಧಾನಕ್ಕೆ ಮಿತಿಗಳೂ ಇವೆ. ಇಂಪೋಸೆಕ್ಸ್ ಮುಖ್ಯವಾಗಿ ಟಿಬಿಟಿ ಮತ್ತು ಅದರ ಸೋದರ ಸಂಯುಕ್ತವಾದ ಟ್ರೈಫೀನೈಲ್ ಟಿನ್‌ಗಳ ಗುರುತು. ಎಣ್ಣೆ, ಸೀಸ, ಚರಂಡಿ ನೀರು ಇವುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಜಾತಿಯಿಂದ ಜಾತಿಗೆ ಸಂವೇದನೆಯೂ ಬೇರೆ. ಆದರೆ ಈ ಮಿತಿಯೇ ಅದರ ಬಲವೂ ಹೌದು. ರೋಗಲಕ್ಷಣ ಕಂಡರೆ ಕಾರಣಕ್ಕಾಗಿ ಹತ್ತು ಕಡೆ ಹುಡುಕಬೇಕಾಗಿಲ್ಲ. 2004ರಲ್ಲಿ ಜಪಾನಿನ ಸಂಶೋಧಕರು ಈ ನಿಖರತೆಯ ಗುಟ್ಟನ್ನೂ ವಿವರಿಸಿದರು. ಹುಳುವಿನ ಜೀವಕೋಶದಲ್ಲಿ ಬೆಳವಣಿಗೆಯ ಸಂಕೇತಗಳನ್ನು ಸ್ವೀಕರಿಸುವ ಪ್ರೋಟೀನೊಂದಿದೆ. ಟಿಬಿಟಿ ಅದಕ್ಕೆ ಕಳ್ಳ ಬೀಗದಕೈಯಂತೆ ಹೊಂದಿಕೊಂಡು ತಪ್ಪು ಸಂಕೇತ ನೀಡುತ್ತದೆ.

ಪಶ್ಚಿಮ ಕರಾವಳಿಯಲ್ಲಿ

ಭಾರತದಲ್ಲಿ ಈ ವೈಪರೀತ್ಯ ದಾಖಲಾದದ್ದು ಕಾರವಾರದ ಉತ್ತರಕ್ಕಿರುವ ನೆರೆಯ ಗೋವಾದ ಮರ್ಮಗೋವಾ ಬಂದರಿನ ಪರಿಸರದಲ್ಲಿ. ಹೊಸಪೇಟೆ, ಸಂಡೂರು ಭಾಗದ ಕಬ್ಬಿಣದ ಅದಿರು ಹಡಗನ್ನೇರಿದ ಬಂದರುಗಳಲ್ಲಿ ಇದೂ ಒಂದಾದ್ದರಿಂದ ಕರ್ನಾಟಕದ ವ್ಯಾಪಾರಿಗಳಿಗೆ ಅದು ಅಪರಿಚಿತವಲ್ಲ. ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ವೈ. ವಿಶ್ವಕಿರಣ್ ಮತ್ತು ಎ. ಸಿ. ಅನಿಲ್ ಅವರು ‘ಕ್ರೋನಿಯಾ ಕೊಂಕಣೆನ್ಸಿಸ್’ ಎಂಬ ಬಂಡೆಯ ಬಸವನಹುಳುವಿನಲ್ಲಿ ಇಂಪೋಸೆಕ್ಸ್ ಇರುವುದನ್ನು 1999ರಲ್ಲಿ ಪ್ರಕಟಿಸಿದರು. 2006ರಲ್ಲಿ ಅದೇ ಸಂಸ್ಥೆಯ ಸಂಶೋಧಕರು ‘ಗೈರಿನಿಯಮ್ ನಟೇಟರ್’ ಎಂಬ ಮತ್ತೊಂದು ಜಾತಿಯನ್ನು ಭಾರತದ ಕರಾವಳಿಗೆ ಒದಗಬಲ್ಲ ಸೂಚಕವೆಂದು ಮುಂದಿಟ್ಟರು. ವಿದೇಶದ ಹುಳುವನ್ನು ಕಾಯಬೇಕಾಗಿಲ್ಲ, ಇಲ್ಲಿನ ಬಂಡೆಗಳ ಮೇಲೆಯೇ ಕಾವಲುಗಾರನಿದ್ದಾನೆ ಎಂಬುದು ಈ ಅಧ್ಯಯನಗಳ ಫಲ.

ಕರ್ನಾಟಕದ ತೀರಕ್ಕೆ ಇದರ ಮಹತ್ವ ಕಡಿಮೆಯದಲ್ಲ. ನವಮಂಗಳೂರು, ಕಾರವಾರ, ಮಲ್ಪೆ, ತದಡಿಗಳಲ್ಲಿ ಹಡಗು ಮತ್ತು ಮೀನುಗಾರಿಕಾ ದೋಣಿಗಳು ತಂಗುತ್ತವೆ. ತದಡಿಯ ಪಕ್ಕದಲ್ಲಿಯೇ ಇರುವ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿ ಜೀವನ ನಡೆಸುವ ಕುಟುಂಬಗಳ ಸಂಖ್ಯೆ ದೊಡ್ಡದು. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಆರ್ಕಶಾನಿನ ಸಿಂಪಿ ಬೆಳೆಗಾರರ ಸ್ಥಾನದಲ್ಲಿ ಇಲ್ಲಿ ನಿಲ್ಲುವವರು ಇವರೇ. ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ನೀರಿನಲ್ಲಿ ಟಿಬಿಟಿ ಕೆಲವು ದಿನ ಅಥವಾ ವಾರಗಳಲ್ಲಿ ಒಡೆದುಹೋದರೂ, ಗಾಳಿ ಸೋಕದ ತಳದ ಹೂಳಿನಲ್ಲಿ ಹಲವಾರು ವರ್ಷಗಳವರೆಗೆ ಉಳಿಯುತ್ತದೆ. ಹಳೆಯ ಬಂದರುಗಳಲ್ಲಿ ಹೂಳೆತ್ತುವಾಗ ಅದು ಮತ್ತೆ ಮೇಲಕ್ಕೆ ಬರಬಹುದು. ಹೂಳನ್ನು ಪರೀಕ್ಷಿಸದೆ ಬೇರೆಡೆ ಸುರಿಯಬಾರದೆಂಬ ನಿಯಮದ ಹಿಂದಿನ ತರ್ಕ ಇದೇ.

ಕಾನೂನು ನಡೆದ ದಾರಿ

ಸಾಕ್ಷ್ಯ ದೊರೆತ ಮೇಲೂ ಜಾಗತಿಕ ನಿಷೇಧಕ್ಕೆ ಎರಡು ದಶಕಗಳು ಹಿಡಿದವು. ಅಂತರರಾಷ್ಟ್ರೀಯ ಕಡಲ ಸಂಘಟನೆಯು ಹಡಗಿನ ತಳದ ಬಣ್ಣಗಳ ಕುರಿತ ಒಪ್ಪಂದವನ್ನು 2001ರ ಅಕ್ಟೋಬರಿನಲ್ಲಿ ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 2008ರ ಸೆಪ್ಟೆಂಬರ್ 17ರಂದು. ಭಾರತವು 2015ರಲ್ಲಿ ಅದಕ್ಕೆ ಸೇರಿತು. ಅಂತರರಾಷ್ಟ್ರೀಯ ಸಂಚಾರದ, 400 ಮತ್ತು ಅದಕ್ಕೂ ಹೆಚ್ಚಿನ ಒಟ್ಟು ಟನ್ನೇಜಿನ ಹಡಗುಗಳು ಇದರನ್ವಯ ಪ್ರಮಾಣಪತ್ರ ಹೊಂದಿರಬೇಕು.

ಫಲಿತಾಂಶವನ್ನೂ ಹುಳುವೇ ಹೇಳಿತು. ನಾರ್ವೆಯ ಕರಾವಳಿಯಲ್ಲಿ 1991ರಿಂದ 2017ರವರೆಗೆ ನಡೆದ ಸತತ ವೀಕ್ಷಣೆಯಲ್ಲಿ ವೈಪರೀತ್ಯವು ಕ್ರಮೇಣ ಇಳಿದು ಬಹುತೇಕ ಕಾಣೆಯಾದುದು ದಾಖಲಾಗಿದೆ. ಕಾನೂನು ಕಾಗದದ ಮೇಲಷ್ಟೇ ಉಳಿಯಿತೋ ಕೆಲಸ ಮಾಡಿತೋ ಎಂಬುದಕ್ಕೆ ಇದಕ್ಕಿಂತ ನಿಷ್ಪಕ್ಷಪಾತ ಲೆಕ್ಕಪರಿಶೋಧಕ ಸಿಗಲಾರ. ಆದರೆ ಬದಲಿ ವಸ್ತುವೂ ಪರೀಕ್ಷೆಗೆ ಹೊರತಲ್ಲ. ಟಿಬಿಟಿಯ ಅನಂತರ ತಾಮ್ರದ ಜೊತೆ ಬಳಕೆಗೆ ಬಂದ ಸೈಬ್ಯುಟ್ರಿನ್ ಎಂಬ ರಾಸಾಯನಿಕವೂ 2023ರ ಜನವರಿ 1ರಿಂದ ನಿರ್ಬಂಧಕ್ಕೆ ಒಳಪಟ್ಟಿದೆ.

ಬಂದರಿನಿಂದ ಬೊಂಬೆಯ ಕಾರ್ಖಾನೆಗೆ

ಹಡಗಿನ ಬಣ್ಣದಿಂದ ಆರಂಭವಾದ ಸಂಶಯವು ಅಲ್ಲಿಗೇ ನಿಲ್ಲಲಿಲ್ಲ. ತವರದ ಇದೇ ಕುಟುಂಬದ ಸಂಯುಕ್ತಗಳು ಮನೆಬಳಕೆಯ ಸಾಮಾನುಗಳಲ್ಲಿಯೂ ಇವೆ. ಪಿವಿಸಿ ಪ್ಲಾಸ್ಟಿಕ್ ಕಾವಿಗೆ ಕೆಡದಂತೆ ಸ್ಥಿರಗೊಳಿಸಲು, ಪಾಲಿಯುರೆಥೇನ್ ಲೇಪ ಮತ್ತು ಫೋಮ್ ಬೇಗ ಗಟ್ಟಿಯಾಗಲು, ಕೆಲವು ಸಿಲಿಕೋನ್ ಅಂಟುಗಳನ್ನು ಹೆಪ್ಪುಗಟ್ಟಿಸಲು ಇವನ್ನು ಬಳಸುತ್ತಾರೆ. ಈ ವಸ್ತುಗಳು ಮನುಷ್ಯನ, ಅದರಲ್ಲಿಯೂ ಮಗುವಿನ, ರೋಗನಿರೋಧಕ ಶಕ್ತಿಯ ಮೇಲೆ ಬೀರಬಹುದಾದ ಪರಿಣಾಮವನ್ನು ಪ್ರತ್ಯೇಕವಾಗಿ ಅಳೆದು ಮಿತಿಗಳನ್ನು ಗೊತ್ತುಪಡಿಸಲಾಯಿತು. ಮಿತಿಯ ಅಂಕಿ ಹುಳುವಿನಿಂದ ಬಂದದ್ದಲ್ಲ. ಆದರೆ ಈ ಕುಟುಂಬದ ಕಡೆಗೆ ಜಗತ್ತಿನ ದೃಷ್ಟಿಯನ್ನು ತಿರುಗಿಸಿದ್ದು ಬಂದರಿನ ಅನುಭವ.

ಯುರೋಪ್ ಒಕ್ಕೂಟದಲ್ಲಿ 2010ರ ಜುಲೈ 1ರಿಂದ ಟಿಬಿಟಿಯಂಥ ಸಂಯುಕ್ತಗಳು ಯಾವುದೇ ಸಾಮಾನಿನಲ್ಲಿ, ತವರದ ತೂಕದ ಲೆಕ್ಕದಲ್ಲಿ, ಶೇ. 0.1ನ್ನು ಮೀರುವಂತಿಲ್ಲ. 2012ರ ಜನವರಿ 1ರಿಂದ ಇದೇ ಮಿತಿಯು ಸಾರ್ವಜನಿಕರಿಗೆ ಮಾರುವ ಸಾಮಾನುಗಳಲ್ಲಿ ಡೈಬ್ಯುಟೈಲ್ ಟಿನ್‌ಗೂ, ಮೈಗೆ ತಾಗುವ ಬಟ್ಟೆ, ಪಾದರಕ್ಷೆ, ಶಿಶುಪಾಲನೆಯ ವಸ್ತು ಮುಂತಾದವುಗಳಲ್ಲಿ ಡೈಆಕ್ಟೈಲ್ ಟಿನ್‌ಗೂ ಅನ್ವಯಿಸಿದೆ. ಆಟಿಕೆಗಳಿಗೆ 2009ರ ಯುರೋಪಿನ ಸುರಕ್ಷತಾ ಆದೇಶವು ಇನ್ನೂ ಕಟ್ಟುನಿಟ್ಟು. ಅದರ ಪ್ರಕಾರ ಕೆರೆದು ತೆಗೆಯಬಹುದಾದ ಲೇಪದಿಂದ ಹೊರಬರುವ ಸಾವಯವ ತವರವು ಕಿಲೋಗ್ರಾಮಿಗೆ 12 ಮಿಲಿಗ್ರಾಂ, ದ್ರವ ಅಥವಾ ಅಂಟು ರೂಪದ ವಸ್ತುವಿನಿಂದ 0.2 ಮಿಲಿಗ್ರಾಂ ದಾಟಬಾರದು. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಜಾರಿಯಲ್ಲಿದೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೂ, ಜಿಐ ಮಾನ್ಯತೆಯ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ಇದೆ. ಆದರೆ ಈ ವಿನಾಯಿತಿಯು ದೇಶದೊಳಗಿನ ಮಾರಾಟಕ್ಕೆ ಮಾತ್ರ. ಕಡಲಾಚೆಯ ಖರೀದಿದಾರನ ಮುಂದೆ ಅದು ಬೆಲೆಯುಳ್ಳದ್ದಲ್ಲ.

ಚನ್ನಪಟ್ಟಣದ ಸಾಂಪ್ರದಾಯಿಕ ವಿಧಾನಕ್ಕೆ ಇಲ್ಲಿ ಒಂದು ಸಹಜ ಅನುಕೂಲವಿದೆ. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಕಾವಿಗೆ ಅರಗು ಕರಗಿ ಹರಡುತ್ತದೆ, ತಣಿದಾಗ ಗಟ್ಟಿಯಾಗುತ್ತದೆ. ಅದಕ್ಕೆ ತವರದ ವೇಗವರ್ಧಕ ಬೇಕಿಲ್ಲ. ಆದರೆ ಬೇಗ ಒಣಗಲೆಂದು ಅರಗಿನ ಬದಲು ಪಾಲಿಯುರೆಥೇನ್ ಲೇಪ ಹೊಡೆದರೆ, ಪಿವಿಸಿ ಬಿಡಿಭಾಗ ಜೋಡಿಸಿದರೆ, ಅಗ್ಗದ ಸಿದ್ಧ ಅಂಟು ಬಳಸಿದರೆ ಆ ಅನುಕೂಲ ಕೈಬಿಡುತ್ತದೆ. ಆದ್ದರಿಂದ ಉತ್ಪಾದಕರು ಈ ಕ್ರಮಗಳನ್ನು ರೂಢಿಸಿಕೊಳ್ಳುವುದು ಹಿತಕರ.

1. ಬಣ್ಣ, ವಾರ್ನಿಷು, ಅಂಟು, ಪ್ಲಾಸ್ಟಿಕ್ ಬಿಡಿಭಾಗಗಳ ಸರಬರಾಜುದಾರರಿಂದ ಬ್ಯುಟೈಲ್ ಮತ್ತು ಆಕ್ಟೈಲ್ ತವರ ಬೆರೆಸಿಲ್ಲವೆಂಬ ಲಿಖಿತ ಹೇಳಿಕೆಯನ್ನು ಪಡೆಯುವುದು.
2. ಸರಕಿನ ಸುರಕ್ಷತಾ ಮಾಹಿತಿ ಪತ್ರದ ಘಟಕಗಳ ಪಟ್ಟಿಯಲ್ಲಿ ‘ಡೈಬ್ಯುಟೈಲ್ ಟಿನ್ ಡೈಲಾರೇಟ್’ ಮುಂತಾದ ಹೆಸರುಗಳಿವೆಯೇ ಎಂದು ನೋಡುವುದು.
3. ಪ್ರತಿ ತಂಡದ ಕಚ್ಚಾ ವಸ್ತುವಿನ ಸ್ವಲ್ಪ ಮಾದರಿಯನ್ನು ದಿನಾಂಕದೊಡನೆ ಕಾಯ್ದಿಡುವುದು. ತಕರಾರು ಬಂದಾಗ ದೋಷ ಎಲ್ಲಿಂದ ಬಂತೆಂದು ತೋರಿಸಲು ಇದೇ ಆಧಾರ.
4. ಬಣ್ಣದ ಮೂಲ ಅಥವಾ ಸರಬರಾಜುದಾರ ಬದಲಾದರೆ ಹಳೆಯ ಪರೀಕ್ಷಾ ವರದಿಯನ್ನು ನೆಚ್ಚದೆ ಹೊಸ ಪರೀಕ್ಷೆ ಮಾಡಿಸುವುದು.
5. ಉಳಿದ ಬಣ್ಣ ಮತ್ತು ತಿನ್ನರನ್ನು ಚರಂಡಿಗೆ ಸುರಿಯದೆ, ಅಪಾಯಕಾರಿ ತ್ಯಾಜ್ಯ ವಿಲೇವಾರಿಯ ಪರವಾನಗಿ ಉಳ್ಳವರಿಗೆ ಒಪ್ಪಿಸುವುದು.

ಒಳನಾಡಿನ ನೀರಿನ ಕಾವಲು

ಕೊನೆಯ ಕ್ರಮಕ್ಕೆ ಕೆಂಗಲ್ ಸೀಮೆಯಲ್ಲಿ ವಿಶೇಷ ಅರ್ಥವಿದೆ. ಇಲ್ಲಿಗೆ ಕಡಲಿಲ್ಲ, ಆದರೆ ಇಲ್ಲಿನ ನೀರು ಕಡೆಗೆ ಕಡಲನ್ನೇ ಸೇರುತ್ತದೆ. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿಯು ಬಿಡದಿ ಬಳಿಯ ಬೈರಮಂಗಲ ಕೆರೆಯ ಮೂಲಕ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಯು ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯೊಡನೆ ಬೆರೆಯುತ್ತದೆ. ಸಿಹಿನೀರಿನ ಬಸವನಹುಳು ಟಿಬಿಟಿಯ ಕಥೆಯನ್ನು ಇಲ್ಲಿ ಹೇಳದು. ಆದರೆ ತಳದ ಜೀವಿಗಳನ್ನು ಎಣಿಸಿ ನೀರಿನ ಗುಣಮಟ್ಟವನ್ನು ನಿರ್ಣಯಿಸುವ ಜೈವಿಕ ಮಾನದಂಡವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ರೂಪಿಸಿದೆ. ಶುದ್ಧ ನೀರನ್ನಷ್ಟೇ ಸಹಿಸುವ ಕೀಟಗಳ ಮರಿಗಳಿಗೆ ಅದರಲ್ಲಿ ಹೆಚ್ಚು ಅಂಕ. ಆಮ್ಲಜನಕವಿಲ್ಲದ ಕೊಳೆಯಲ್ಲೂ ಬದುಕುವ ಕೆಂಪು ಹುಳುಗಳಿಗೆ ಅತಿ ಕಡಿಮೆ ಅಂಕ. ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡಬಲ್ಲ ಬಸವನಹುಳುಗಳೂ ಕಡಿಮೆ ಅಂಕದ ಸಾಲಿಗೆ ಸೇರುತ್ತವೆ. ಕಾರ್ಖಾನೆಯ ಹೊರನೀರು ಬೀಳುವ ಜಾಗದ ಮೇಲೆ ಮತ್ತು ಕೆಳಗೆ, ವರ್ಷಕ್ಕೆರಡು ಬಾರಿ, ಸ್ಥಳೀಯ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ನೆರವಿನಿಂದ ಇಂಥ ಎಣಿಕೆ ಮಾಡಿಸುವುದು ಉದ್ಯಮಿಗಳ ಸಂಘಕ್ಕೆ ಕಷ್ಟದ ಕೆಲಸವಲ್ಲ. ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕಗಳು ದಟ್ಟವಾಗಿರುವ ರಾಮನಗರದಲ್ಲಿ, ದೂರು ಬರುವ ಮೊದಲೇ ಸ್ವಂತ ದಾಖಲೆ ಇಟ್ಟುಕೊಳ್ಳುವುದು ಲಾಭದ ಮಾತೇ ಹೌದು.

ಸಾರಾಂಶ

ಟಿಬಿಟಿ ಬಣ್ಣ ಕೆಟ್ಟ ಸರಕಾಗಿರಲಿಲ್ಲ. ತನ್ನ ಕೆಲಸವನ್ನು ಅದು ಅತ್ಯುತ್ತಮವಾಗಿ ಮಾಡುತ್ತಿತ್ತು. ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳದೆ ಇದ್ದುದೇ ದೋಷ. ಬ್ಲೇಬರ್ ಅವರ 1970ರ ದಾಖಲೆಗೂ 2008ರ ನಿಷೇಧಕ್ಕೂ ನಡುವೆ 38 ವರ್ಷಗಳು ಕಳೆದವು. ಆ ಅವಧಿಯ ಬೆಲೆಯನ್ನು ಸಿಂಪಿ ಬೆಳೆಗಾರರು ತೆತ್ತರು, ಹೂಳಿನಲ್ಲಿ ಉಳಿದದ್ದನ್ನು ಹಲವು ಬಂದರುಗಳು ಇಂದಿಗೂ ತೆರುತ್ತಿವೆ. ಒಂದು ಉದ್ಯಮದ ಉಳಿತಾಯವು ಇನ್ನೊಂದು ಉದ್ಯಮದ ನಷ್ಟವಾಗಿ, ಕೊನೆಗೆ ಮೂರನೆಯ ಉದ್ಯಮದ ಪರೀಕ್ಷಾ ಶುಲ್ಕವಾಗಿ ಬಂದು ನಿಲ್ಲುವ ಬಗೆ ಇದು. ಕಚ್ಚಾ ವಸ್ತುವನ್ನು ಕೊಳ್ಳುವಾಗ ಬೆಲೆಯೊಡನೆ ಅದರ ಘಟಕಗಳನ್ನೂ ಕೇಳಿ ತಿಳಿಯುವ ಉತ್ಪಾದಕನಿಗೆ ನಾಳೆ ಬರುವ ನಿಯಮವು ಅನಿರೀಕ್ಷಿತವಾಗಿರುವುದಿಲ್ಲ.